ಇಲ್ಲದ ಬೆಲ್ಲವನ್ನು ಮಾರಿದವರು

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ಹಳ್ಳಿಗಳಲ್ಲಿ ಕಬ್ಬು ಕಡಿಯುವ ದಿನಗಳಲ್ಲಿ ಸಂಚರಿಸಿದವರಿಗೆ ಆಲೆಮನೆಯ ಹೊಗೆಯ ಪರಿಚಯ ಇದ್ದೇ ಇರುತ್ತದೆ. ಕಳೆದ ಸುಗ್ಗಿಯಲ್ಲಿ ಅಂಥದೊಂದು ಆಲೆಮನೆಯ ಮುಂದೆ ಕುಳಿತಿದ್ದೆ. ಕೊಪ್ಪರಿಗೆಯಲ್ಲಿ ಹಾಲು ಕುದಿದು ಪಾಕಕ್ಕೆ ಬರುತ್ತಿತ್ತು. ಹಿಂದೆ ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ್ದ ತರುಣನೊಬ್ಬ ಹತ್ತಿರ ಬಂದು ಕುಳಿತ. ಕ್ಷೇಮಸಮಾಚಾರ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಾದರ್, ನಮ್ಮತ್ರ ಇಲ್ದೇ ಇರೋದ್ನ ಮಾರೋದು ಪಾಪವಾ?" ಎಂದು ಕೇಳಿದ.

ಜಮೀನಿನ ತಕರಾರು ಇರಬೇಕೆಂದು ಮೊದಲು ಭಾವಿಸಿದೆ. ಅದಲ್ಲ. ಅವನ ಕೈಯಲ್ಲಿದ್ದ ಮೊಬೈಲಿನಲ್ಲಿ ಷೇರು ವ್ಯವಹಾರ ನಡೆಯುತ್ತಿತ್ತು. ಒಂದು ಬೆಳಿಗ್ಗೆ ತನ್ನಲ್ಲಿ ಇಲ್ಲದ ಷೇರುಗಳನ್ನು ಮಾರಿದ್ದನಂತೆ. ಬೆಲೆ ಇಳಿದಾಗ ಕೊಂಡು ಲೆಕ್ಕ ಚುಕ್ತಾ ಮಾಡುವುದು, ನಡುವಿನ ವ್ಯತ್ಯಾಸವನ್ನು ಲಾಭವೆಂದು ಇಟ್ಟುಕೊಳ್ಳುವುದು ಅವನ ಯೋಚನೆ. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚುವುದರೊಳಗೆ ಇದಾಗಬೇಕು. ಆದರೆ ಅಂದು ಯಾವುದೋ ಸುದ್ದಿ ಬಂದು ಬೆಲೆ ಏರಿತು, ದಿನದ ಮಿತಿಯನ್ನು ಮುಟ್ಟಿ ನಿಂತಿತು, ಮಾರುವವರೇ ಇಲ್ಲವಾದರು. ಮಾರಿದ್ದನ್ನು ಒಪ್ಪಿಸಲಾಗದವನ ಪರವಾಗಿ ವಿನಿಮಯ ಕೇಂದ್ರವೇ ಹರಾಜಿನಲ್ಲಿ ಕೊಂಡು ಕೊಡುತ್ತದೆ. ಎಷ್ಟಾದರೂ ಸರಿ, ಆ ಬೆಲೆಯನ್ನು ಅವನೇ ತೆರಬೇಕು. ಹೋದದ್ದು ಅವನ ತಾಯಿಯ ಒಂದು ತಿಂಗಳ ಹಾಲಿನ ಬಟವಾಡೆಯಷ್ಟು ಹಣ. ತಾಯಿಗೆ ಇನ್ನೂ ತಿಳಿಸಿರಲಿಲ್ಲ.

ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿ ಕೊಡಲಿಲ್ಲ. ಪ್ರಿಯ ಓದುಗರೇ, ಆ ಪ್ರಶ್ನೆಯನ್ನು ಹಿಡಿದುಕೊಂಡು ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋಗಿ ಬಂದುದರ ಫಲ ಈ ಲೇಖನ.

ಮೊದಲು ವ್ಯವಹಾರವನ್ನು ಬೆಲ್ಲದ ಭಾಷೆಯಲ್ಲಿ ತಿಳಿದುಕೊಳ್ಳೋಣ. ಕಬ್ಬು ಇನ್ನೂ ಗದ್ದೆಯಲ್ಲಿರುವಾಗಲೇ ರೈತನು ಮಂಡ್ಯದ ಮಂಡಿಯವರಿಂದ ಮುಂಗಡ ಪಡೆದು, ಇಷ್ಟು ಕ್ವಿಂಟಾಲ್ ಬೆಲ್ಲ ಹಾಕುತ್ತೇನೆಂದು ಮಾತು ಕೊಡುವುದುಂಟು. ಅವನು ಮಾರುತ್ತಿರುವುದು ಇನ್ನೂ ಆಗದ ಬೆಲ್ಲವನ್ನು. ಆದರೂ ಅವನ ಗದ್ದೆಯಲ್ಲಿ ಕಬ್ಬಿದೆ. ಈಗ ಗದ್ದೆಯೂ ಇಲ್ಲದ, ಆಲೆಮನೆಯೂ ಇಲ್ಲದ ಮತ್ತೊಬ್ಬನನ್ನು ಊಹಿಸಿಕೊಳ್ಳಿ. ಅವನು ನೆರೆಯವನಿಂದ ಹತ್ತು ಕ್ವಿಂಟಾಲ್ ಬೆಲ್ಲವನ್ನು ಕಡ ತಂದು, ಕ್ವಿಂಟಾಲಿಗೆ 4,000 ರೂಪಾಯಿಯಂತೆ ಮಾರುತ್ತಾನೆ. ತಿಂಗಳೊಪ್ಪತ್ತಿನಲ್ಲಿ ಬೆಲೆ 3,500ಕ್ಕೆ ಇಳಿದರೆ, ಕೊಂಡು ನೆರೆಯವನಿಗೆ ಬೆಲ್ಲವನ್ನೇ ಹಿಂದಿರುಗಿಸುತ್ತಾನೆ. 5,000 ರೂಪಾಯಿ ಅವನ ಕೈಯಲ್ಲಿ ಉಳಿಯುತ್ತದೆ. ಬೆಲೆ 5,000ಕ್ಕೆ ಏರಿದರೆ 10,000 ರೂಪಾಯಿ ಕಳೆದುಕೊಳ್ಳುತ್ತಾನೆ. ಇದೇ ಶಾರ್ಟ್ ಸೆಲ್ಲಿಂಗ್. ಕಡವನ್ನೂ ತಾರದೆ ಬರಿಗೈಯಲ್ಲಿ ಮಾರುವುದು ಅದರ ಇನ್ನೊಂದು ರೂಪ. ಕೊಂಡವನಿಗೆ ನಷ್ಟವಾದರೆ ಅವನು ಹಾಕಿದ ಹಣವಷ್ಟೇ ಹೋದೀತು, ಏಕೆಂದರೆ ಬೆಲೆ ಸೊನ್ನೆಗಿಂತ ಕೆಳಗೆ ಇಳಿಯದು. ಇಲ್ಲದ್ದನ್ನು ಮಾರಿದವನ ನಷ್ಟಕ್ಕೆ ಮೇರೆಯಿಲ್ಲ, ಏಕೆಂದರೆ ಬೆಲೆ ಎಲ್ಲಿಯವರೆಗೂ ಏರಬಹುದು. ಆ ತರುಣನಿಗೆ ಈ ಅರ್ಧವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಈ ವಿದ್ಯೆಯ ಮೊದಲ ದೊಡ್ಡ ಪ್ರಕರಣ ನಡೆದದ್ದು ಹಾಲೆಂಡಿನ ಆಮ್ಸ್ಟರ್‌ಡ್ಯಾಮ್ ನಗರದಲ್ಲಿ. 1602ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾದಾಗ ಸಾರ್ವಜನಿಕರಿಂದ ಬಂಡವಾಳ ಕೂಡಿಸಲಾಯಿತು. ಮನೆಗೆಲಸದವರು ಕೂಡ ಹಣ ಹಾಕಿದರು. ಆಮ್ಸ್ಟರ್‌ಡ್ಯಾಮಿನಲ್ಲಿ ಎಲ್ಲರಿಗಿಂತ ಹೆಚ್ಚು ಹಣ ತೊಡಗಿಸಿದವನು ಇಸಾಕ್ ಲ ಮೇರ್ ಎಂಬ ವರ್ತಕ. ಈಗ ಬೆಲ್ಜಿಯಮ್ಮಿಗೆ ಸೇರಿರುವ ಟೂರ್ನೇ ಪಟ್ಟಣದಲ್ಲಿ ಹುಟ್ಟಿ, ಸ್ಪೇನಿನವರು 1585ರಲ್ಲಿ ಆಂಟ್‌ವರ್ಪನ್ನು ಹಿಡಿದಾಗ ಅಲ್ಲಿಂದ ಉತ್ತರಕ್ಕೆ ವಲಸೆ ಬಂದವನು. ಇಪ್ಪತ್ತೆರಡು ಮಕ್ಕಳ ತಂದೆ. ಕಂಪನಿಯ ನಿರ್ದೇಶಕನಾಗಿದ್ದವನು ಲೆಕ್ಕಪತ್ರದ ಜಗಳದಲ್ಲಿ 1605ರಲ್ಲಿ ಹೊರಬಿದ್ದ. ತಪ್ಪು ಯಾರದೆಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ.

1609ರ ಆರಂಭದಲ್ಲಿ ಲ ಮೇರ್ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿದ. ಕಂಪನಿಯ ಆಡಳಿತ ಕೆಟ್ಟಿದೆ, ಹಣ ಹಾಕಿದವರಿಗೆ ಲೆಕ್ಕ ಒಪ್ಪಿಸುತ್ತಿಲ್ಲ ಎಂದು ದೇಶದ ಪ್ರಮುಖ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟನಿಗೆ ದೀರ್ಘವಾದ ಮನವಿಯನ್ನು ಬರೆದ. ಇದು ಬಹಿರಂಗದ ಕೆಲಸ. ಗುಟ್ಟಿನಲ್ಲಿ, ಕೆಲವು ಸಹಚರರನ್ನು ಕೂಡಿಕೊಂಡು, ಒಂದೆರಡು ವರ್ಷಗಳ ನಂತರ ಒಪ್ಪಿಸುವ ಕರಾರಿನ ಮೇಲೆ, ಕಂಪನಿಯ ಷೇರುಗಳನ್ನು ತಮ್ಮಲ್ಲಿ ಇದ್ದದ್ದಕ್ಕಿಂತ ಬಹಳ ಹೆಚ್ಚಾಗಿ ಮಾರತೊಡಗಿದ. ಹಡಗುಗಳು ಮುಳುಗಿವೆ, ಲಾಭವಿಲ್ಲ ಎಂಬ ಮಾತುಗಳೂ ಪೇಟೆಯಲ್ಲಿ ಹರಡಿದವು. ಬೆಲೆ ಕುಸಿಯಿತು.

ಕಂಪನಿಯ ನಿರ್ದೇಶಕರು ಸರ್ಕಾರಕ್ಕೆ ದೂರು ಕೊಟ್ಟರು. ಆ ದೂರಿನಲ್ಲಿ ಅವರು ಮುಂದೆ ಮಾಡಿದ್ದು ವಿಧವೆಯರನ್ನೂ ಅನಾಥರನ್ನೂ. ಈ ದುಷ್ಟರ ಕೂಟದಿಂದ ವಿಧವೆಯರ, ಅನಾಥರ ಹಣ ನಾಶವಾಗುತ್ತಿದೆ ಎಂಬುದು ಅವರ ಅಳಲು. ಧರ್ಮಗ್ರಂಥದಲ್ಲಿ ಪ್ರವಾದಿಗಳು ಯಾರಿಗಾಗಿ ಕಣ್ಣೀರಿಟ್ಟರೋ ಅವರೇ ಇಲ್ಲಿ ಸಿರಿವಂತ ಕಂಪನಿಯ ಗುರಾಣಿಯಾದರು. ಮಾರಿದವರೂ ಪ್ರತಿಮನವಿ ಸಲ್ಲಿಸಿದರು: ಬೆಲೆ ಇಳಿದದ್ದು ನಮ್ಮಿಂದಲ್ಲ, ನಿಮ್ಮ ದುರಾಡಳಿತದಿಂದ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ವಾದದಲ್ಲಿಯೂ ಸತ್ಯವಿತ್ತು. ಎಂಟು ವರ್ಷ ಕಳೆದರೂ ಕಂಪನಿ ಲಾಭಾಂಶ ಕೊಟ್ಟಿರಲಿಲ್ಲ. 1610ರಲ್ಲಿ ಕೊನೆಗೂ ಕೊಟ್ಟಾಗ ಕೊಟ್ಟದ್ದು ಹಣವಲ್ಲ, ಜಾಪತ್ರೆ! ಷೇರುದಾರರು ಮೂಟೆಗಟ್ಟಲೆ ಜಾಪತ್ರೆಯನ್ನು ಹೊತ್ತುಕೊಂಡು ಹೋಗಿ ಮಾರಿಕೊಳ್ಳಬೇಕಾಯಿತು.

1610ರ ಫೆಬ್ರವರಿ 27ರಂದು ಡಚ್ ಸರ್ಕಾರ ಆಜ್ಞೆ ಹೊರಡಿಸಿತು. ತನ್ನ ಹೆಸರಿನಲ್ಲಿ ಇಲ್ಲದ ಷೇರನ್ನು ಯಾರೂ ಮಾರಕೂಡದು; ಮಾರಿದ ಷೇರನ್ನು ಒಂದು ತಿಂಗಳೊಳಗೆ ಕೊಂಡವನ ಹೆಸರಿಗೆ ವರ್ಗಾಯಿಸತಕ್ಕದ್ದು. ಶಾರ್ಟ್ ಸೆಲ್ಲಿಂಗ್ ವಿರುದ್ಧ ನಾವು ಬಲ್ಲ ಮೊತ್ತಮೊದಲ ಕಾನೂನು ಇದು. ಬೆಲೆ ಚೇತರಿಸಿಕೊಂಡಿತು, ಲ ಮೇರ್‌ನ ಕೂಟ ನೆಲಕಚ್ಚಿತು, ಅವನು ಆಮ್ಸ್ಟರ್‌ಡ್ಯಾಮನ್ನು ಬಿಟ್ಟು ಎಗ್ಮಂಡ್ ಎಂಬ ಹಳ್ಳಿಗೆ ಹೋಗಿ ನೆಲೆಸಿದ. ಕಂಪನಿಯ ಮೇಲಿನ ಛಲ ಮಾತ್ರ ಆರಲಿಲ್ಲ. ಪೂರ್ವದೇಶಗಳಿಗೆ ಕಂಪನಿಯ ಹಿಡಿತದಲ್ಲಿಲ್ಲದ ಹೊಸ ಜಲಮಾರ್ಗ ಹುಡುಕಲು ಮಗ ಯಾಕೋಬನನ್ನು 1615ರಲ್ಲಿ ಹಡಗು ಹತ್ತಿಸಿದ. ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರವನ್ನು ಬಳಸಿ ಹೋದ ಆ ಪಯಣದಿಂದ ಯಾಕೋಬ ಮನೆಗೆ ಮರಳಲಿಲ್ಲ. ಹಿಂದಿರುಗುವ ದಾರಿಯಲ್ಲಿ ತೀರಿಕೊಂಡ. ಇಸಾಕ್ 1624ರಲ್ಲಿ ಮಡಿದ. ವ್ಯಾಪಾರದಲ್ಲಿ ಅಪಾರ ಹಣ ಕಳೆದುಕೊಂಡರೂ ಮಾನವನ್ನು ಕಳೆದುಕೊಳ್ಳಲಿಲ್ಲ ಎಂಬ ಅರ್ಥದ ಬರಹವನ್ನು ಅವನ ಸಮಾಧಿಯ ಮೇಲೆ ಕೆತ್ತಲಾಯಿತು. ಕಂಪನಿಯವರು ಇದನ್ನು ಒಪ್ಪುತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕಾನೂನು ಬಂದಿತು, ಚಟ ಹೋಗಲಿಲ್ಲ. ಅದೇ ನಿಷೇಧವನ್ನು ಡಚ್ಚರು ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ಹೊರಡಿಸಬೇಕಾಯಿತು. ಇಂಥ ವ್ಯವಹಾರಕ್ಕೆ ಆ ಜನ ಇಟ್ಟ ಹೆಸರು 'ಗಾಳಿ ವ್ಯಾಪಾರ'. ಇಂಗ್ಲೆಂಡಿನ ಸಂಸತ್ತು ಸರ್ ಜಾನ್ ಬರ್ನಾರ್ಡನ ಹೆಸರಿನ ಕಾಯಿದೆಯಿಂದ 1734ರಲ್ಲಿ ಇದನ್ನು ನಿಷೇಧಿಸಿತು. 1860ರಲ್ಲಿ ಆ ಕಾಯಿದೆಯನ್ನು ರದ್ದು ಮಾಡಿತು. ಬೆಲೆ ಇಳಿಯಲೆಂದು ಕಾಯುವವನಿಗೆ 'ಕರಡಿ' ಎಂಬ ಹೆಸರು ಬಂದದ್ದೂ ಇಂಗ್ಲಿಷರಿಂದಲೇ. ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮವನ್ನು ಮಾರುವವನ ಬಗ್ಗೆ ಅವರಲ್ಲೊಂದು ಗಾದೆಯಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಬಲ್ಲ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಕರಡಿಯ ಎಣಿಕೆ ಹೇಗೆ ತಲೆಕೆಳಗಾಗಬಹುದೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಸ್ಥಾಪನೆಯಾಯಿತು. ಕೋಲಾರದ ನೆಲವನ್ನು ಎರಡು ಮೂರು ವರ್ಷ ಅಗೆದರೂ ಚಿನ್ನ ಸಿಗಲಿಲ್ಲ. ಒಂದು ಪೌಂಡಿನ ಷೇರು ಕೆಲವೇ ಪೆನ್ನಿಗಳಿಗೆ ಇಳಿಯಿತು. ಗಣಿ ಮುಚ್ಚಿ ಉಳಿದದ್ದನ್ನು ಹಂಚಿಕೊಳ್ಳೋಣವೆಂದು ಷೇರುದಾರರಲ್ಲಿ ಅನೇಕರು ಹೇಳಿದರು. ಉಳಿದಿದ್ದ ಅಲ್ಪ ಹಣದಿಂದ ಕಡೆಯ ಪ್ರಯತ್ನ ಮಾಡಲು ಕ್ಯಾಪ್ಟನ್ ಪ್ಲಮರ್ ಎಂಬಾತನನ್ನು ಕಳುಹಿಸಲಾಯಿತು. ಹಿಂದಿನವರು ತೋಡಿ ಬಿಟ್ಟಿದ್ದ ಹಳೆಯ ಕುಳಿಗಳನ್ನೇ ಇನ್ನೂ ಆಳಕ್ಕೆ ಅಗೆಸಿದಾಗ ಚಾಂಪಿಯನ್ ಶಿಲಾಸ್ತರ ಸಿಕ್ಕಿತು. ಮುಂದೆ ನೂರಕ್ಕೂ ಹೆಚ್ಚು ವರ್ಷ, 2001ರ ಫೆಬ್ರವರಿಯವರೆಗೆ, ಆ ನೆಲ ಚಿನ್ನ ಕೊಟ್ಟಿತು. ಪೆನ್ನಿಗಳ ಬೆಲೆಗೆ ಇಳಿದಿದ್ದಾಗ 'ಇದು ಸತ್ತ ಗಣಿ' ಎಂದು ನಂಬಿ ತನ್ನಲ್ಲಿಲ್ಲದ ಷೇರನ್ನು ಮಾರಿದವನಿದ್ದರೆ ಅವನ ಗತಿಯನ್ನು ನೀವೇ ಊಹಿಸಿ.

ಭಾರತದ ಷೇರುಪೇಟೆಗಳಲ್ಲಿ ಈ ವ್ಯವಹಾರ 'ಬದಲಾ' ಎಂಬ ಪದ್ಧತಿಯ ನೆರಳಿನಲ್ಲಿ ಬೆಳೆಯಿತು. ಮಾರಿದ್ದನ್ನು ಈ ಸಲ ಒಪ್ಪಿಸಲಾಗದಿದ್ದರೆ ಶುಲ್ಕ ಕೊಟ್ಟು ಮುಂದಿನ ವಾಯಿದೆಗೆ ದಾಟಿಸುವ ಅನುಕೂಲ ಅದು. 1982ರ ಮಾರ್ಚಿನಲ್ಲಿ ಕಲ್ಕತ್ತೆಯ ಕರಡಿಗಳ ಕೂಟವೊಂದು ರಿಲಯನ್ಸ್ ಷೇರುಗಳನ್ನು ಲಕ್ಷಗಟ್ಟಲೆ ಮಾರಿತು. ಮಾರಿದ್ದನ್ನೆಲ್ಲ ಧೀರೂಭಾಯಿ ಅಂಬಾನಿಯವರ ಕಡೆಯವರು ಕೊಳ್ಳುತ್ತಾ ಹೋದರು. ಏಪ್ರಿಲ್ 30ರಂದು 'ವಾಯಿದೆ ಬೇಡ, ಷೇರುಗಳನ್ನೇ ಕೊಡಿ' ಎಂದು ಪಟ್ಟು ಹಿಡಿದರು. ಕೊಡಲು ಷೇರುಗಳಿಲ್ಲ! ಮುಂಬಯಿ ಷೇರುಪೇಟೆಯನ್ನೇ ಮೂರು ದಿನ ಮುಚ್ಚಬೇಕಾಯಿತು. ಕಡೆಗೆ ಕರಡಿಗಳು ಏರಿದ ಬೆಲೆಗೆ ಕೊಂಡು ಕೊಟ್ಟರು. ಶೀಳನೆರೆಯ ತರುಣನಿಗೆ ಆದದ್ದೂ ಇದೇ. ಗಾತ್ರ ಬೇರೆ, ಅಷ್ಟೆ.

ಹತ್ತು ವರ್ಷಗಳ ನಂತರ, 1992ರಲ್ಲಿ, ಇಲ್ಲದ್ದನ್ನು ಮಾರುವ ಕಲೆ ಬ್ಯಾಂಕುಗಳ ಒಳಗೇ ಕಾಣಿಸಿಕೊಂಡಿತು. ಹರ್ಷದ್ ಮೆಹ್ತಾ ಹಗರಣವೆಂದು ಅದನ್ನು ನಾವೆಲ್ಲ ಬಲ್ಲೆವು. ಹರ್ಷದ್ ಮೆಹ್ತಾ ಕರಡಿಯಲ್ಲ, ಗೂಳಿ, ಬೆಲೆ ಏರಿಸಿದವನು. ಆದರೆ ಹಗರಣದ ಬೇರಿನಲ್ಲಿದ್ದದ್ದು ಬ್ಯಾಂಕ್ ರಸೀದಿ ಎಂಬ ಕಾಗದ. ಸರ್ಕಾರಿ ಸಾಲಪತ್ರವನ್ನು ಮಾರಿದ ಬ್ಯಾಂಕು ಪತ್ರದ ಬದಲು 'ಮಾರಿದ್ದೇನೆ, ಒಪ್ಪಿಸುತ್ತೇನೆ' ಎಂಬ ರಸೀದಿಯನ್ನು ಕೊಡುತ್ತಿತ್ತು. ಕರಾಡ್ ಬ್ಯಾಂಕಿನಂಥ ಸಣ್ಣ ಬ್ಯಾಂಕುಗಳು ಕೈಯಲ್ಲಿ ಸಾಲಪತ್ರವೇ ಇಲ್ಲದೆ ಅಂಥ ರಸೀದಿಗಳನ್ನು ಬರೆದುಕೊಟ್ಟವು. ಹಗರಣದ ಸುಳಿಯಲ್ಲಿ ಸಿಕ್ಕಿದ ಸಂಸ್ಥೆಗಳಲ್ಲಿ ನಮ್ಮ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ ಕೂಡ ಒಂದು. ರಿಸರ್ವ್ ಬ್ಯಾಂಕಿನ ಜಾನಕಿರಾಮನ್ ಸಮಿತಿ ಹಗರಣದ ಮೊತ್ತವನ್ನು ಸುಮಾರು 4,000 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಬದಲಾ ಪದ್ಧತಿ ಒಮ್ಮೆ ನಿಂತು, ಮತ್ತೆ ಬಂದು, 2001ರ ಜುಲೈನಲ್ಲಿ ಅಂತ್ಯಗೊಂಡಿತು. ಅದೇ ವರ್ಷದ ಮಾರ್ಚಿನಲ್ಲಿ ಪೇಟೆ ಕುಸಿದಾಗ ಸೆಬಿ ಶಾರ್ಟ್ ಸೆಲ್ಲಿಂಗನ್ನೂ ತಡೆಯಿತು. 2008ರ ಏಪ್ರಿಲಿನಿಂದ ಷೇರುಗಳನ್ನು ಕ್ರಮಬದ್ಧವಾಗಿ ಕಡ ತಂದು ಮಾರುವ ವ್ಯವಸ್ಥೆ ಬಂದಿತು. ಮಾರಿದ್ದನ್ನು ಒಪ್ಪಿಸಲೇಬೇಕು ಎಂಬ 1610ರ ಆಜ್ಞೆಯ ತಿರುಳು ಅದರಲ್ಲಿಯೂ ಉಳಿದಿದೆ.

ಹಾಗಾದರೆ ಧರ್ಮಸಭೆ ಏನು ಹೇಳುತ್ತದೆ? ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ಕೇಳಿದ್ದ ಒಂದು ಪ್ರಸಂಗ ನನಗೆ ನೆನಪಾಯಿತು. ರೋಮಿನ ಸಿಸೆರೊ ಅದನ್ನು ಹಿಂದೆಯೇ ಚರ್ಚಿಸಿದ್ದ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ವರ್ತಕನೊಬ್ಬ ಧಾನ್ಯದ ಹಡಗಿನೊಡನೆ ಬಂದಿಳಿಯುತ್ತಾನೆ. ಹಿಂದೆಯೇ ಇನ್ನೂ ಅನೇಕ ಹಡಗುಗಳು ಬರುತ್ತಿರುವುದು ಅವನಿಗೆ ಮಾತ್ರ ಗೊತ್ತು. ಇದನ್ನು ಜನರಿಗೆ ಹೇಳಬೇಕೇ, ಸುಮ್ಮನಿದ್ದು ಈಗಿನ ದುಬಾರಿ ಬೆಲೆಗೆ ಮಾರಬಹುದೇ? ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ'ದಲ್ಲಿ ಇಂಥದೇ ಪ್ರಶ್ನೆಯನ್ನು ಎತ್ತಿಕೊಂಡು ಕೊಡುವ ಉತ್ತರ ಸೂಕ್ಷ್ಮವಾದುದು. ನ್ಯಾಯದ ಕಟ್ಟುನಿಟ್ಟಿನ ದೃಷ್ಟಿಯಿಂದ ಅವನು ಹೇಳಲೇಬೇಕಾಗಿಲ್ಲ. ಈಗಿನ ಬೆಲೆಗೆ ಮಾರುವುದು ಅನ್ಯಾಯವಲ್ಲ. ಆದರೆ ಹೇಳಿದರೆ, ಅಥವಾ ಬೆಲೆ ತಗ್ಗಿಸಿದರೆ, ಅವನ ಸದ್ಗುಣ ಇನ್ನೂ ಹೆಚ್ಚಿನದು. ಸಂತರಿಂದ ಇಷ್ಟು ಉದಾರವಾದ ಉತ್ತರವನ್ನು ವಿದ್ಯಾರ್ಥಿಯಾಗಿದ್ದಾಗ ನಾನು ನಿರೀಕ್ಷಿಸಿರಲಿಲ್ಲ.

ಶಾರ್ಟ್ ಸೆಲ್ಲರ್ ಎಂಬವನು ಒಂದರ್ಥದಲ್ಲಿ 'ಹಿಂದೆ ಹಡಗುಗಳು ಬರುತ್ತಿವೆ, ಈ ಬೆಲೆ ನಿಲ್ಲದು' ಎಂದು ಸಾರುವವನು. ಅಮೆರಿಕದ ಎನ್ರಾನ್ ಕಂಪನಿಯನ್ನು ಪತ್ರಿಕೆಗಳೂ ಬ್ಯಾಂಕುಗಳೂ ಹೊಗಳುತ್ತಿದ್ದಾಗ, ಅದರ ಲೆಕ್ಕಪತ್ರವನ್ನು ಓದಿ ಸಂಶಯಪಟ್ಟು ಅದರ ಷೇರುಗಳನ್ನು ಶಾರ್ಟ್ ಮಾಡಿದವರಲ್ಲಿ ಜಿಮ್ ಚಾನೋಸ್ ಪ್ರಮುಖರು. 2001ರ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿಯಾದಾಗ ಅವರ ಮಾತು ನಿಜವಾಯಿತು. ನಮ್ಮ ಸತ್ಯಂ ಕಂಪನಿಯ ಸುಳ್ಳು ಲೆಕ್ಕ 2009ರ ಜನವರಿಯಲ್ಲಿ ಬಯಲಾದದ್ದು ಅದರ ಅಧ್ಯಕ್ಷರ ತಪ್ಪೊಪ್ಪಿಗೆಯಿಂದ. ಮೊದಲೇ ಯಾರಾದರೂ ಎಚ್ಚರಿಸಿದ್ದರೆ ಎಷ್ಟು ಜನರ ಉಳಿತಾಯ ಉಳಿಯುತ್ತಿತ್ತೋ! ಆದರೆ ಎಚ್ಚರಿಸುವವನಿಗೆ ಆ ಎಚ್ಚರಿಕೆಯಿಂದಲೇ ಲಾಭ ಬರುವುದಾದರೆ ಅವನ ಮಾತನ್ನು ಎಷ್ಟು ನಂಬುವುದು? 2023ರ ಜನವರಿ 24ರಂದು ಹಿಂಡನ್‌ಬರ್ಗ್ ಎಂಬ ಅಮೆರಿಕದ ಸಂಸ್ಥೆ ಅದಾನಿ ಸಮೂಹದ ಮೇಲೆ ಆರೋಪಪಟ್ಟಿಯನ್ನು ಪ್ರಕಟಿಸಿದಾಗ, ಬೆಲೆ ಇಳಿದರೆ ತನಗೆ ಲಾಭವಿದೆಯೆಂದೂ ತಾನೇ ತಿಳಿಸಿತ್ತು. ಸಮೂಹ ಆರೋಪಗಳನ್ನು ನಿರಾಕರಿಸಿತು. 20,000 ಕೋಟಿ ರೂಪಾಯಿಯ ಷೇರು ಮಾರಾಟವನ್ನು ಹಿಂತೆಗೆದುಕೊಂಡಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಜನವರಿಯಲ್ಲಿ ಹಿಂಡನ್‌ಬರ್ಗ್ ತನ್ನ ಅಂಗಡಿ ಮುಚ್ಚುವುದಾಗಿ ಸಾರಿತು. ಅದೇ ಸೆಪ್ಟೆಂಬರಿನಲ್ಲಿ ಸೆಬಿ ಅದರ ಆರೋಪಗಳಲ್ಲಿ ಕೆಲವನ್ನು ತಳ್ಳಿಹಾಕಿತು.

ಕಥೋಲಿಕ ಧರ್ಮೋಪದೇಶ ಗ್ರಂಥವು ಏಳನೆಯ ಆಜ್ಞೆಯನ್ನು ವಿವರಿಸುವಾಗ, ಪರರಿಗೆ ಹಾನಿಯಾಗುವಂತೆ ಬೆಲೆಯನ್ನು ಕೃತಕವಾಗಿ ಏರಿಳಿಸುವ ಸಟ್ಟಾ ವ್ಯವಹಾರವನ್ನು ಕಳವಿನ ಸಾಲಿಗೆ ಸೇರಿಸುತ್ತದೆ. 2018ರಲ್ಲಿ ಜಗದ್ಗುರು ಫ್ರಾನ್ಸಿಸರ ಅನುಮತಿಯಿಂದ ವ್ಯಾಟಿಕನ್ ಹೊರಡಿಸಿದ, ಹಣಕಾಸು ವ್ಯವಸ್ಥೆಯನ್ನು ಕುರಿತ ದಸ್ತಾವೇಜು ಇನ್ನೂ ಹತ್ತಿರಕ್ಕೆ ಬರುತ್ತದೆ. ತಾನು ಕೊಡದ ಸಾಲ ಮುಳುಗಲೆಂದು ವಿಮೆ ಕೊಳ್ಳುವ ವ್ಯವಹಾರ ಪರರ ಪತನದ ಮೇಲೆ ಕಟ್ಟುವ ಪಣವಾಗಿಬಿಡುತ್ತದೆ, ಅದು ನೈತಿಕವಾಗಿ ಒಪ್ಪತಕ್ಕದ್ದಲ್ಲ ಎಂಬುದು ಅದರ ಅಭಿಪ್ರಾಯ. ಶಾರ್ಟ್ ಸೆಲ್ಲಿಂಗಿಗೂ ಇದಕ್ಕೂ ವ್ಯತ್ಯಾಸವಿದೆ; ಆದರೂ ಮನಸ್ಸಿನ ಒಲವು ಒಂದೇ. ಇಲ್ಲಿ ಬೆರಳು ತೋರಿಸುವವರೂ ಎಚ್ಚರವಾಗಿರಬೇಕು. 2008ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಯಾರ್ಕ್ ಮಹಾಧರ್ಮಾಧ್ಯಕ್ಷರು ಶಾರ್ಟ್ ಸೆಲ್ಲರುಗಳನ್ನು ಬ್ಯಾಂಕ್ ದರೋಡೆಕೋರರೆಂದು ಕಟುವಾಗಿ ಖಂಡಿಸಿದರು. ಆ ಸಭೆಯ ನಿಧಿಯೇ ತನ್ನ ಷೇರುಗಳನ್ನು ಕಡ ಕೊಟ್ಟು ಶುಲ್ಕ ಪಡೆಯುತ್ತಿದೆಯೆಂದು ಪತ್ರಿಕೆಗಳು ಕೂಡಲೇ ತೋರಿಸಿದವು. ಲಂಡನ್ನಿನ ಕಟ್ಟಡವೊಂದರಲ್ಲಿ ನಮ್ಮ ವ್ಯಾಟಿಕನ್ನಿನ ಹಣ ಹೋದ ಬಗೆ ತಿಳಿದ ಮೇಲೆ ನಾವು ನಗುವಂತಿಲ್ಲ.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದವನು ಪ್ರವಾದಿ ಯೋನ. ನಿನೆವೆಗೆ ಹೋಗಿ, ನಲವತ್ತು ದಿನಗಳಲ್ಲಿ ಈ ನಗರ ನಾಶವಾಗುವುದೆಂದು ಸಾರಿದವನು. ಸಾರಿದ್ದು ಸರಿ, ಆ ಎಚ್ಚರಿಕೆಯಿಂದಲೇ ನಗರ ಪಶ್ಚಾತ್ತಾಪಪಟ್ಟು ಉಳಿಯಿತು. ಆದರೆ ಯೋನನಿಗೆ ಸಿಟ್ಟು ಬಂದಿತು. ಊರ ಹೊರಗೆ ಚಪ್ಪರ ಹಾಕಿಕೊಂಡು, ನಗರ ಯಾವಾಗ ಬೀಳುವುದೋ ಎಂದು ನೋಡುತ್ತಾ ಕುಳಿತ. ಬೀಳದೆ ಹೋದದ್ದು ಅವನಿಗೆ ನಷ್ಟವಾಗಿ ಕಂಡಿತು. ಊರೊಳಗೆ ಬಲಗೈ ಎಡಗೈ ಅರಿಯದ ಲಕ್ಷಕ್ಕೂ ಹೆಚ್ಚು ಮಂದಿ ಇದ್ದರೆಂಬುದನ್ನು ದೇವರೇ ಅವನಿಗೆ ನೆನಪಿಸಬೇಕಾಯಿತು.

ಮೊನ್ನೆ ಶೀಳನೆರೆಯ ಕಡೆಗೆ ಮತ್ತೆ ಹೋಗಿದ್ದಾಗ ಆ ತರುಣನನ್ನು ಕಂಡು ಇದನ್ನೆಲ್ಲ ಹೇಳಿದೆ. ಕಡ ತಂದು, ಕೊಡುವ ಶಕ್ತಿ ಇಟ್ಟುಕೊಂಡು, ಸುಳ್ಳು ಹರಡದೆ ಮಾರಿದರೆ ಅದನ್ನು ಪಾಪವೆನ್ನಲಾರೆ ಎಂದೆ. ಆದರೆ ಅವನು ಪಣಕ್ಕಿಟ್ಟದ್ದು ತನ್ನ ಹಣವನ್ನಲ್ಲ. ಷೇರು ಹೇಗೋ ಹಾಗೆ ಅದನ್ನು ಕಳೆದುಕೊಳ್ಳುವ ಹಕ್ಕೂ ಅವನಲ್ಲಿ ಇರಲಿಲ್ಲ. ಅದನ್ನೂ ಹೇಳಿದೆ. ಷೇರುಗಳನ್ನು ಬೆಳಿಗ್ಗೆ ತೆಗೆದುಕೊಂಡು ಸಂಜೆಯೊಳಗೆ ಮುಗಿಸುವವರಲ್ಲಿ ಹತ್ತಕ್ಕೆ ಏಳು ಮಂದಿ 2022-23ರಲ್ಲಿ ನಷ್ಟಪಟ್ಟರೆಂದು ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ತಿಳಿಸಿದೆ. ಅಂಕಿ ಅಂಶ ಅವನನ್ನು ಅಷ್ಟಾಗಿ ತಟ್ಟಲಿಲ್ಲ. "ಆ ಯೋನ ಆಮೇಲೆ ಊರೊಳಗೆ ಹೋದ್ನಾ ಫಾದರ್?" ಎಂದು ಕೇಳಿದ. ಧರ್ಮಗ್ರಂಥ ಅದನ್ನು ಹೇಳುವುದಿಲ್ಲ, ದೇವರ ಪ್ರಶ್ನೆಯೊಂದಿಗೇ ಆ ಪುಸ್ತಕ ಮುಗಿದುಬಿಡುತ್ತದೆ ಎಂದೆ. ಅಷ್ಟರಲ್ಲಿ ಅವನ ತಾಯಿ ಹಾಲಿನ ಕ್ಯಾನು ಹಿಡಿದು ಡೇರಿಯ ಕಡೆಗೆ ಹೊರಟರು. ಅವನು ಎದ್ದು ಹೋಗಿ ಕ್ಯಾನನ್ನು ತಾಯಿಯ ಕೈಯಿಂದ ತೆಗೆದುಕೊಂಡು ಜೊತೆಯಲ್ಲಿ ನಡೆದ. ದಾರಿಯಲ್ಲಿ ಏನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ಆಕೆ ಒಮ್ಮೆ ನಿಂತು ಅವನ ಮುಖವನ್ನೇ ನೋಡಿದ್ದು ಮಾತ್ರ ಕಾಣಿಸಿತು.